ಲೆಕ್ಕಕ್ಕೆ ಸಿಗದ ಉಡುಗೊರೆ



ನಮ್ಮ ಕಡೆ ಮದುವೆ ಮನೆಗಳಲ್ಲಿ ಧಾರೆ ಮುಗಿಯುತ್ತಿದ್ದಂತೆ ಹೆಣ್ಣಿನ ಸೋದರಮಾವನೋ ಚಿಕ್ಕಪ್ಪನೋ ಒಂದು ನೋಟುಪುಸ್ತಕ ಹಿಡಿದು ಮಂಟಪದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅದು ಮುಯ್ಯಿ ಬರೆಯುವ ಪುಸ್ತಕ. ನಾಲ್ಕು ಮೂಲೆಗೂ ಅರಿಶಿನ, ಮೊದಲ ಪುಟದ ತಲೆಯಲ್ಲಿ ಶ್ರೀಕಾರ, ಅದರ ಕೆಳಗೆ ಸಾಲಾಗಿ ಹೆಸರು, ಊರು, ಮೊತ್ತ. ಒಬ್ಬರದು 11 ರೂಪಾಯಿ, ಇನ್ನೊಬ್ಬರದು 21, ಮತ್ತೊಬ್ಬರದು ಸ್ಟೀಲ್ ಕೊಳಗ ಒಂದು. ಮದುವೆಯ ಗಲಾಟೆಯೆಲ್ಲ ಅಡಗಿದ ಮೇಲೆ ಆ ಪುಸ್ತಕ ಜಮೀನಿನ ಪತ್ರಗಳ ಜೊತೆ ಬೀರು ಸೇರುತ್ತಿತ್ತು. ಆಮೇಲೆ ಯಾರದಾದರೂ ಮನೆಯ ಲಗ್ನಪತ್ರಿಕೆ ಬಂತೆಂದರೆ ಮನೆಯ ಹಿರಿಯರು ಹೇಳುತ್ತಿದ್ದ ಮೊದಲ ಮಾತು, "ಅವರು ನಮಗೇನು ಹಾಕಿದ್ದರು, ಪುಸ್ತಕ ತೆಗೆದು ನೋಡು." ಅವರು 11 ಹಾಕಿದ್ದರೆ ನಾವು 21. ಕೊಳಗ ಕೊಟ್ಟಿದ್ದವರಿಗೆ ಕೊಳಗಕ್ಕಿಂತ ಒಂದು ಸುತ್ತು ದೊಡ್ಡ ಪಾತ್ರೆ. ಪಾತ್ರೆ ಅಂಗಡಿಯವನು ಕೈಯಂತ್ರ ಹಿಡಿದು, ಕೊಟ್ಟವರ ಹೆಸರು, ಊರು, ತಾರೀಖನ್ನು ಚುಕ್ಕಿ ಚುಕ್ಕಿಯಾಗಿ ಅಂಚಿನ ಮೇಲೆ ಹೊಡೆದು ಕೊಡುತ್ತಿದ್ದ. ಪುಸ್ತಕ ಕಳೆದುಹೋದರೂ ಲೆಕ್ಕ ಕಳೆಯುವಂತಿರಲಿಲ್ಲ.

ಇದನ್ನು ಹಗುರವಾಗಿ ಆಡಿಕೊಳ್ಳುವ ಮನಸ್ಸು ನನಗಿಲ್ಲ. ಬ್ಯಾಂಕು ಹತ್ತಿರವಿಲ್ಲದ ಊರಿನಲ್ಲಿ ಒಂದು ಮದುವೆಯ ಖರ್ಚಿಗೆ ಊರೆಲ್ಲ ಹೆಗಲು ಕೊಟ್ಟು, ಮುಂದೆ ತಮ್ಮ ಮನೆಯ ಮದುವೆಗೆ ಆ ಹೆಗಲನ್ನು ವಾಪಸು ಪಡೆಯುತ್ತಿದ್ದ ಏರ್ಪಾಡು ಅದು. ಒಂದು ಬಗೆಯ ಕೈಸಾಲ. ಅದರ ಪಾಡಿಗೆ ಅದು ಸೊಗಸಾಗಿಯೇ ನಡೆದುಕೊಂಡು ಬಂತು. ರವಿಕೆ ಕಣದ ಸಂಗತಿ ಮಾತ್ರ ನಗು ತರಿಸುತ್ತದೆ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಟ್ಟ ಕಣ ಅವರ ಮನೆಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮೂರನೆಯವರ ಮನೆಗೆ ಹೋಗಿ, ಹೊಲಿಗೆ ಯಂತ್ರದ ಮುಖವನ್ನೇ ನೋಡದೆ, ಒಂದು ಗೌರಿಹಬ್ಬಕ್ಕೆ ಮಡಿಕೆ ಸಮೇತ ಹೊರಟ ಮನೆಗೇ ವಾಪಸಾಗುತ್ತದೆ. ಮನೆಯೊಡತಿ ಅದರ ಅಂಚು ನೋಡಿ ಗುರುತು ಹಿಡಿಯುತ್ತಾಳೆ. ಗುರುತು ಹಿಡಿದೆನೆಂದು ಬಾಯಿಬಿಟ್ಟು ಹೇಳುವುದಿಲ್ಲ.

ಇವತ್ತು ನಾನು ಮಾತನಾಡಬೇಕೆಂದಿರುವುದು ಈ ಮುಯ್ಯಿಪುಸ್ತಕದಲ್ಲಿ ಜಾಗವೇ ಇಲ್ಲದ ಉಡುಗೊರೆಗಳ ಬಗ್ಗೆ. ಹಬ್ಬವಿಲ್ಲ, ಮದುವೆಯಿಲ್ಲ, ಹುಟ್ಟಿದ ದಿನವೂ ಅಲ್ಲ. ನಾವು ಕೇಳಿರುವುದಿಲ್ಲ, ಬರುತ್ತದೆಂಬ ಸುಳಿವೂ ಇರುವುದಿಲ್ಲ. ಒಬ್ಬ ಸ್ನೇಹಿತನೋ ಸ್ನೇಹಿತೆಯೋ ಏನನ್ನೋ ಕಳಿಸಿಬಿಡುತ್ತಾರೆ. ಆ ಗಳಿಗೆಯ ಸಂತೋಷಕ್ಕೆ ಬೇರೆಯದೇ ರುಚಿ.

ಒಂದು ಜೂನ್ ತಿಂಗಳು. ಇನ್ನೂ ಬೆಳಕು ಹರಿದಿರಲಿಲ್ಲ. ಫೋನು ಬಡಿದುಕೊಂಡಿತು. ಆ ಹೊತ್ತಿನ ಫೋನೆಂದರೆ ಎದೆ ಒಮ್ಮೆ ಝಲ್ಲೆನ್ನುವ ವಯಸ್ಸು ನನ್ನದು. ಎತ್ತಿದರೆ ಗುರುತಿಲ್ಲದ ದನಿ. "ಸಾರ್, ಶಿರಸಿ ಗಾಡಿ. ನಿಮ್ದೊಂದು ಪಾರ್ಸೆಲ್ ಐತೆ. ಇನ್ನೊಂದು ಅರ್ಧ ಗಂಟೇಲಿ ಗೊರಗುಂಟೆಪಾಳ್ಯ. ಬಂದು ಇಳಿಸ್ಕೊಳ್ಳಿ, ಜಾಸ್ತಿ ಹೊತ್ತು ನಿಲ್ಸಕ್ಕಾಗಲ್ಲ." ನಾನು ಯಾರಿಗೂ ಏನೂ ಹೇಳಿರಲಿಲ್ಲ. ಆಟೋ ಹಿಡಿದು ಹೋದೆ. ಬಸ್ಸು ಬಂತು, ಕ್ಲೀನರ್ ಹುಡುಗ ಡಿಕ್ಕಿಯ ಬಾಗಿಲೆತ್ತಿದ. ಪಾರ್ಸೆಲ್ ಕಾಣುವುದಕ್ಕೆ ಮೊದಲೇ ಅದೇನೆಂದು ಗೊತ್ತಾಗಿಬಿಟ್ಟಿತು. ಪಾಪ, ಉಳಿದ ಪ್ರಯಾಣಿಕರ ಸೂಟ್‌ಕೇಸುಗಳಿಗೂ ಬ್ಯಾಗುಗಳಿಗೂ ರಾತ್ರಿಯಿಡೀ ಹಲಸಿನ ಹಣ್ಣಿನ ಪರಿಮಳದ ಅಭಿಷೇಕವಾಗಿತ್ತು. ಗೋಣಿಚೀಲದ ಬಾಯನ್ನು ದಬ್ಬಳದಲ್ಲಿ ಸುತಲಿ ಹಾಕಿ ಹೊಲಿದಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಫೋನ್ ನಂಬರು. ಕಳಿಸಿದವರ ಹೆಸರಿಲ್ಲ. ಆದರೆ ಆ 'ಳ'ಕಾರದ ಬಾಲ ಎಳೆಯುವ ರೀತಿ ಕಾಲೇಜಿನ ನೋಟ್ಸುಗಳ ಕಾಲದಿಂದಲೂ ನನಗೆ ಗೊತ್ತಿದ್ದದ್ದು.

ಮನೆಗೆ ತಂದು ಹಜಾರದಲ್ಲಿ ಹಳೆಯ ಪೇಪರು ಹಾಸಿದೆವು. ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಸೀಳಿದರೆ ಒಳಗೆ ಬಕ್ಕೆ ಹಣ್ಣು. ತೊಳೆಗಳು ಹೊಂಬಣ್ಣ, ಗಟ್ಟಿ, ಕಚ್ಚಿದರೆ ಕರುಮ್ ಎನ್ನಬೇಕು. ಮೇಣ ಒರೆಸುವುದಕ್ಕೆ ಒಬ್ಬರು, ತೊಳೆ ಬಿಡಿಸುವುದಕ್ಕೆ ಒಬ್ಬರು, ಬೀಜ ಬೇರೆ ಮಾಡುವುದಕ್ಕೆ ಒಬ್ಬರು. ಹಸಿದು ಹಲಸು ಎಂದು ಹಿರಿಯರು ಹೇಳಿದ್ದೇನೋ ಸರಿ, ಆದರೆ ಮೂರು ಜನರ ಹಸಿವಿಗೆ ಅಷ್ಟು ದೊಡ್ಡ ಹಣ್ಣು ಕರಗುವುದು ಹೇಗೆ? ಫ್ರಿಜ್ಜಿನಲ್ಲಿಟ್ಟರೆ ಹಾಲೂ ಹಲಸು, ಬೆಣ್ಣೆಯೂ ಹಲಸು. ಹಂಚದೆ ದಾರಿಯಿರಲಿಲ್ಲ. ಮೇಲಿನ ಮನೆಗೆ ಒಂದು ಡಬ್ಬಿ, ಕೆಳಗಿನ ಮನೆಗೆ ಒಂದು, ಕಾವಲಿನವರಿಗೆ ಬಾಳೆಲೆಯಲ್ಲಿ ಕಟ್ಟಿ ಒಂದು ಪಾಲು. ಎದುರು ಮನೆಯವರ ಜೊತೆ ಅಲ್ಲಿಯವರೆಗೆ ಲಿಫ್ಟಿನಲ್ಲಿ ತುಟಿ ಬಿಚ್ಚದ ನಗೆಯಷ್ಟೇ ವ್ಯವಹಾರ. ಆವತ್ತು ಆ ತಾಯಿ ಬಾಗಿಲಲ್ಲಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ನಮ್ಮ ಅಮ್ಮನ ಮನೆ ಹಿತ್ತಿಲಲ್ಲಿ ಇಂಥದ್ದೇ ಒಂದು ಮರ ಇತ್ತು" ಎಂದು ಮಾತು ಶುರು ಮಾಡಿದವರು ಅರ್ಧ ಗಂಟೆ ನಿಲ್ಲಿಸಲಿಲ್ಲ. ಸಂಜೆಯ ಹೊತ್ತಿಗೆ ಡಬ್ಬಿಗಳು ವಾಪಸು ಬಂದವು. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂಬುದು ನಮ್ಮ ಜನರ ರಕ್ತದಲ್ಲಿದೆ. ಒಂದರಲ್ಲಿ ಒಂದು ಹಿಡಿ ಸಕ್ಕರೆ, ಒಂದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ, ಬೆಳಗಾವಿ ಕಡೆಯವರ ಡಬ್ಬಿಯಲ್ಲಿ ಗೋಕಾಕದ ಕರದಂಟು.

ಸ್ನೇಹಿತನಿಗೆ ಫೋನು ಮಾಡಿ, "ಏನಪ್ಪಾ, ಒಂದು ಮಾತು ಹೇಳಬಾರದಾ?" ಎಂದೆ. "ಮರದಲ್ಲಿ ಬಿಟ್ಟಿತ್ತು. ನಿಂದು ನೆನಪಾತು. ಕಳಿಸ್ದೆ. ಅದ್ರಲ್ಲಿ ಹೇಳೂದೆಂತದು?" ಎಂದವನೇ ಅಡಕೆಯ ರೇಟಿನ ಕಡೆಗೆ ಮಾತು ತಿರುಗಿಸಿದ.

ಅವನು ಸಲೀಸಾಗಿ ಆಡಿದ ಆ 'ನೆನಪಾತು' ಎಂಬುದರಲ್ಲೇ ಎಲ್ಲವೂ ಇದೆ. ಅವನು ತನ್ನ ಹಿತ್ತಿಲಲ್ಲಿ ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದಾಗ ನಾನು ಅಲ್ಲಿರಲಿಲ್ಲ. ನೂರಾರು ಮೈಲಿ ಆಚೆ ನನ್ನ ಪಾಡಿಗೆ ನಾನು ಯಾವುದೋ ಕ್ಯೂನಲ್ಲಿ ನಿಂತಿದ್ದೆನೋ ಏನೋ. ಆದರೂ ಆ ಹೊತ್ತು ಅವನ ಮನಸ್ಸಿನಲ್ಲಿ ನಾನಿದ್ದೆ. ನಾವಿಲ್ಲದ ಕಡೆಯೂ ಯಾರೋ ನಮ್ಮನ್ನು ನೆನೆಯುತ್ತಾರೆ ಎಂಬುದು ಎಲ್ಲರಿಗೂ ಇರುವ ಆಸೆ, ಆದರೆ ಅದಕ್ಕೆ ಸಾಕ್ಷಿ ಸಿಗುವುದು ಅಪರೂಪ. ಹುಟ್ಟುಹಬ್ಬದ ದಿನ ಬರುವ ಹಾರೈಕೆಗೆ ಆ ಸಾಕ್ಷಿಯ ಬಲವಿಲ್ಲ. ಆವತ್ತು ನಮ್ಮನ್ನು ನೆನಪಿಟ್ಟುಕೊಳ್ಳುವುದು ಅವರ ಮೊಬೈಲು. ಕಾರಣವಿಲ್ಲದೆ ಬಂದ ಉಡುಗೊರೆಗೆ ಮಾತ್ರ ಬೇರೆ ವಿವರಣೆ ಕೊಡಲು ಬರುವುದಿಲ್ಲ.

ರೇಡಿಯೋದಲ್ಲಿ ಕೂತು ಮಾತಾಡುತ್ತಿರುವಾಗ ಕೋರಿಕೆಯ ಚಿತ್ರಗೀತೆಗಳನ್ನು ಮರೆಯುವುದು ಹೇಗೆ? ಅಂಚೆ ಕಾರ್ಡಿಗೆ 15 ಪೈಸೆ ಇದ್ದ ಕಾಲ. ಮಧ್ಯಾಹ್ನ ಊಟ ಮಾಡಿ ಅಡ್ಡಾಗಿರುವಾಗ ಪೆಟ್ಟಿಗೆಯೊಳಗಿಂದ ಹೆಸರುಗಳ ಮೆರವಣಿಗೆ ಹೊರಡುತ್ತಿತ್ತು. ಇಂಥ ಊರಿನಿಂದ ಇಂಥವರು, ಅವರ ಅಣ್ಣ, ತಂಗಿ, ಅತ್ತಿಗೆ, ಗೆಳೆಯರ ಬಳಗ. ವಿವಿಧ ಭಾರತಿಗೆ ಎಲ್ಲಿಲ್ಲದಷ್ಟು ಕಾರ್ಡು ಬರೆದೇ ಝುಮರಿ ತಲೈಯಾ ಎಂಬ ದೂರದ ಊರು ದೇಶಕ್ಕೆಲ್ಲ ಪರಿಚಯವಾಯಿತು. ರೇಡಿಯೋ ಓದುತ್ತಿದ್ದ ಆ ಹೆಸರುಗಳ ಪಟ್ಟಿಯಲ್ಲಿ, ನೀವು ಕಾರ್ಡು ಬರೆಯದಿದ್ದರೂ ನಿಮ್ಮ ಹೆಸರು ಬಂದುಬಿಡುತ್ತಿತ್ತು. ನಿಮಗೆ ಇಷ್ಟವಾದ ಹಾಡನ್ನು ನೆನಪಿಟ್ಟುಕೊಂಡು, ತನ್ನ ಹೆಸರಿನ ಪಕ್ಕದಲ್ಲಿ ನಿಮ್ಮದನ್ನೂ ಸೇರಿಸಿ, ನಿಮಗೆ ತಿಳಿಸದೆ ಯಾರೋ ಕಾರ್ಡು ಹಾಕಿರುತ್ತಿದ್ದರು. ಮೂರು ನಿಮಿಷದ ಹಾಡು. ಮುಗಿದ ಮೇಲೆ ಕೈಯಲ್ಲಿ ಹಿಡಿಯಲು ಏನೂ ಇಲ್ಲ. ಆ ಹಾಡನ್ನು ಯಾವ ಅಂಗಡಿಯಲ್ಲಿ ಕೊಂಡರೂ ಅಷ್ಟು ಇಂಪಾಗಿ ಕೇಳಿಸುವುದಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ ತನ್ನ ಹೆಸರು ಕೇಳಿದ ದಿನ ಬಾಗಿಲಿಗೆ ಬಂದು ನಿಂತು, ಅಕ್ಕಪಕ್ಕದವರೂ ಕೇಳಿಸಿಕೊಂಡರೋ ಇಲ್ಲವೋ ಎಂದು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದ.

ಸ್ನೇಹಿತನ ಉಡುಗೊರೆ ಎಂದ ಕೂಡಲೆ ನಮ್ಮವರಿಗೆ ಕುಚೇಲನ ಕಥೆ ಬಾಯಿಗೆ ಬರುತ್ತದೆ. ಭಾಗವತದ ಹತ್ತನೆಯ ಸ್ಕಂಧದ ಕಥೆ. ಎಲ್ಲರೂ ಕೊನೆಯಲ್ಲಿ ಗುಡಿಸಲು ಅರಮನೆಯಾದದ್ದನ್ನು ಹೇಳುತ್ತಾರೆ. ನನಗೆ ಅದಕ್ಕಿಂತ ಮೊದಲಿನ ಎರಡು ಸಂಗತಿ ಹಿಡಿಸುತ್ತವೆ. ಒಂದು, ಆ ಅವಲಕ್ಕಿ ಅವನ ಮನೆಯದೂ ಅಲ್ಲ. ಹೆಂಡತಿ ನೆರೆಹೊರೆಯಲ್ಲಿ ಬೇಡಿ ತಂದ ನಾಲ್ಕು ಹಿಡಿ. ಬರಿಗೈಲಿ ಸ್ನೇಹಿತನ ಮನೆಗೆ ಹೋಗಬಾರದೆಂದು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟದ್ದು. ದ್ವಾರಕೆಯ ವೈಭವ ನೋಡಿ ಅವನು ಅದನ್ನು ಕೊಡಲು ನಾಚುತ್ತಾನೆ. ಕೃಷ್ಣ ಕೊಡಲಿ ಎಂದು ಕಾಯುವುದಿಲ್ಲ, ಕಸಿದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾನೆ. ಅಷ್ಟು ಆಸೆಯಿಂದ ತೆಗೆದುಕೊಂಡರೆ ಕೊಟ್ಟವನ ಸಂಕೋಚಕ್ಕೆ ಜಾಗವೆಲ್ಲಿ? ಎರಡನೆಯದು, ಕುಚೇಲ ಹೊರಟಾಗ ಕೃಷ್ಣ ಅವನ ಕೈಗೆ ಏನನ್ನೂ ಕೊಡುವುದಿಲ್ಲ. ಕೊಟ್ಟದ್ದು ಊರು ಸೇರಿದ ಮೇಲೆ ಗೊತ್ತಾಗುತ್ತದೆ. ಎದುರಿಗೇ ಕೊಟ್ಟಿದ್ದರೆ ಆ ಬಡವ ಕೈಮುಗಿಯಬೇಕಿತ್ತು, ತಲೆ ತಗ್ಗಿಸಬೇಕಿತ್ತು. ಗೆಳೆಯ ತನ್ನ ಮುಂದೆ ತಲೆ ತಗ್ಗಿಸುವುದನ್ನು ಕೃಷ್ಣ ತಪ್ಪಿಸಿದ. ಕೊಡುವುದರಲ್ಲಿ ಇದಕ್ಕಿಂತ ನಯವಾದ ರೀತಿ ನನಗೆ ತಿಳಿದಿಲ್ಲ.

ಉಡುಗೊರೆಯಿಂದ ತಲೆ ತಗ್ಗುತ್ತದೆ ಎಂಬುದು ಸುಳ್ಳಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ದಾನ, ಉಡುಗೊರೆಗಳ ಬಗ್ಗೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿದ. ಪೆಸಿಫಿಕ್ ದ್ವೀಪಗಳು, ಅಮೆರಿಕದ ಮೂಲನಿವಾಸಿಗಳು, ನಮ್ಮ ಮಹಾಭಾರತ, ಎಲ್ಲವನ್ನೂ ಜಾಲಾಡಿ ಅವನು ಹೇಳಿದ್ದಿಷ್ಟು: ಉಡುಗೊರೆಯ ಜೊತೆ ಮೂರು ಕಟ್ಟುಪಾಡುಗಳಿರುತ್ತವೆ. ಕೊಡಲೇಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಂಡದ್ದನ್ನು ಹಿಂದಿರುಗಿಸಲೇಬೇಕು. ನಮ್ಮ ಮುಯ್ಯಿಪುಸ್ತಕ ಬರೆಯುತ್ತಿದ್ದ ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿದ್ದರೆ, "ಇದಕ್ಕೆ ಪ್ಯಾರಿಸ್ಸಿನವರು ಬೇಕಾ?" ಎಂದು ಕೇಳುತ್ತಿದ್ದರು.

ಮಾಸ್ ಹೇಳಿದ್ದು ಬಹುಪಾಲು ನಿಜ. ಆದರೆ ಅವನ ಮೂರನೆಯ ಕಟ್ಟಿಗೆ ಸಿಗದೆ ಜಾರಿಕೊಳ್ಳುವ ಉಡುಗೊರೆಗಳೂ ಇವೆ. ನನಗೆ ಗೊತ್ತಿರುವುದರಲ್ಲಿ ಬಲು ದೊಡ್ಡದು 1956ರ ಕ್ರಿಸ್‌ಮಸ್ ದಿನ ನ್ಯೂಯಾರ್ಕಿನ ಒಂದು ಮನೆಯಲ್ಲಿ ನಡೆದದ್ದು.

ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಊರಿನ ಹುಡುಗಿಯೊಬ್ಬಳು ಬರೆಯಬೇಕೆಂಬ ಹಟಕ್ಕೆ ನ್ಯೂಯಾರ್ಕ್ ಸೇರಿದ್ದಳು. ಹೊಟ್ಟೆಪಾಡಿಗೆ ವಿಮಾನ ಕಂಪನಿಯೊಂದರಲ್ಲಿ ಟಿಕೆಟ್ ಕಾದಿರಿಸುವ ಕೆಲಸ. ಹಗಲೆಲ್ಲ ಟಿಕೆಟ್ಟು, ಬರವಣಿಗೆಯೇನಿದ್ದರೂ ಉಳಿದ ಹೊತ್ತಿನಲ್ಲಿ. ಹಬ್ಬಕ್ಕೆ ಊರಿಗೆ ಹೋಗುವಷ್ಟು ರಜವೂ ಸಿಗುತ್ತಿರಲಿಲ್ಲ. ಹೀಗಾಗಿ ಆ ಕ್ರಿಸ್‌ಮಸ್ಸಿಗೆ ಅವಳು ಹೋದದ್ದು ಮೈಕೇಲ್ ಬ್ರೌನ್, ಜಾಯ್ ಬ್ರೌನ್ ಎಂಬ ಗೆಳೆಯ ದಂಪತಿಗಳ ಮನೆಗೆ. ಮೈಕೇಲ್ ರಂಗಗೀತೆಗಳನ್ನು ಬರೆದು ಸಂಗೀತ ಕೂಡಿಸುತ್ತಿದ್ದವರು. ಮನೆಯಲ್ಲಿ ಸಣ್ಣ ಮಕ್ಕಳು. ದೊಡ್ಡವರು ಮೂವರ ನಡುವೆ ಒಂದು ಆಟವಿತ್ತು: ಆದಷ್ಟು ಕಡಿಮೆ ದುಡ್ಡಿನಲ್ಲಿ ಆದಷ್ಟು ಒಳ್ಳೆಯ ಉಡುಗೊರೆ ಹುಡುಕಬೇಕು. ಆ ಸಲ ಅವಳು ಸಿಡ್ನಿ ಸ್ಮಿತ್ ಎಂಬ ಹಳೆಯ ಕಾಲದ ಇಂಗ್ಲಿಷ್ ಪಾದ್ರಿಯ ಮುದ್ರಿತ ಚಿತ್ರವೊಂದನ್ನು 35 ಸೆಂಟಿಗೆ ಹುಡುಕಿ ತಂದಿದ್ದಳು. ಇನ್ನೊಂದು ಉಡುಗೊರೆಗಾಗಿ ವರ್ಷವಿಡೀ ಹಳೆಯ ಪುಸ್ತಕಗಳ ಬೆನ್ನು ಹತ್ತಿದ್ದಳು.

ಬೆಳಿಗ್ಗೆ ಮಕ್ಕಳು ಪೊಟ್ಟಣ ಬಿಚ್ಚಿದರು, ದೊಡ್ಡವರೂ ಬಿಚ್ಚಿದರು. ಅವಳ ಪಾಲಿಗೆ ಏನೂ ಇರಲಿಲ್ಲ. ಮುಖ ಸಣ್ಣದಾಗಿರಬೇಕು. ಮರೆತಿಲ್ಲ, ಮರದ ಮೇಲೆ ನೋಡು ಎಂದರು. ಕ್ರಿಸ್‌ಮಸ್ ಮರದ ಕೊಂಬೆಗಳ ನಡುವೆ ಒಂದು ಲಕೋಟೆ. ಒಳಗಿನ ಚೀಟಿಯ ಸಾರಾಂಶ ಇಷ್ಟು: ನಿನಗೆ ಕೆಲಸದಿಂದ ಒಂದು ವರ್ಷ ಬಿಡುವು, ಇಷ್ಟಬಂದದ್ದನ್ನು ಬರೆದುಕೋ. ವರ್ಷದ ಖರ್ಚು ಅವರದು. ಆ ಸಲ ಮೈಕೇಲ್‌ಗೆ ಸಂಪಾದನೆ ಚೆನ್ನಾಗಿ ಆಗಿತ್ತು. ಅದನ್ನು ಹೀಗೆ ವಿನಿಯೋಗಿಸೋಣ ಎಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಅವಳಿಗೆ ನಂಬಿಕೆ ಬರಲಿಲ್ಲ. ಇದು ಜೂಜು, ನಿಮ್ಮ ಮಕ್ಕಳಿಗೆ ಏನಾದರೂ ಆದರೆ ದುಡ್ಡಿಗೇನು ಮಾಡುತ್ತೀರಿ ಎಂದೆಲ್ಲ ವಾದಿಸಿದಳು. ಜೂಜಲ್ಲ, ಇದು ಖಾತ್ರಿಯ ಬಾಜಿ ಎಂದರು ಅವರು.

ಅವಳು ಕೆಲಸ ಬಿಟ್ಟು ಬರೆದಳು. ಒಂದು ವರ್ಷಕ್ಕೆ ಮುಗಿಯಲಿಲ್ಲ. ತಿದ್ದಿ ತೀಡಿ ಪುಸ್ತಕ ಹೊರಬಂದದ್ದು 1960ರಲ್ಲಿ. 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಆಕೆ ಹಾರ್ಪರ್ ಲೀ. 1961ರಲ್ಲಿ ಪುಲಿಟ್ಜರ್ ಬಹುಮಾನ ಬಂತು, ಮುಂದೆ ಕೋಟ್ಯಂತರ ಪ್ರತಿಗಳು ಮಾರಾಟವಾದವು. ಬಹುಮಾನ ಬಂದ ವರ್ಷದ ಡಿಸೆಂಬರಿನಲ್ಲಿ ಮ್ಯಾಕಾಲ್ಸ್ ಎಂಬ ಪತ್ರಿಕೆಗೆ ಬರೆದ ಪುಟ್ಟ ಲೇಖನದಲ್ಲಿ ಆಕೆ ಈ ಕ್ರಿಸ್‌ಮಸ್ ಕಥೆಯನ್ನು ಹೇಳಿಕೊಂಡಿದ್ದಾರೆ. ಕಾದಂಬರಿಯ ಅರ್ಪಣೆ ಇರುವುದು ತಂದೆಗೆ ಮತ್ತು ಅಕ್ಕ ಆಲಿಸ್‌ಗೆ. ಬ್ರೌನ್ ದಂಪತಿಗಳ ಹೆಸರು ಆ ಪುಟದಲ್ಲಿಲ್ಲ. ಮುಯ್ಯಿಪುಸ್ತಕದ ಲೆಕ್ಕದಲ್ಲಿ ನೋಡಿದರೆ ಇದು ಬಾಕಿ. ಸ್ನೇಹದ ಲೆಕ್ಕದಲ್ಲಿ ಬಾಕಿ ಎಂಬ ಕಾಲಮ್ಮೇ ಇಲ್ಲ.

ಈ ಕಥೆ ಹೇಳಿದಾಗಲೆಲ್ಲ ಕೇಳಿದವರು, "ಪುಸ್ತಕ ಗೆದ್ದಿತು, ಅದಕ್ಕೇ ಕಥೆಯಾಯಿತು, ಸೋತಿದ್ದರೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ನನಗನ್ನಿಸುವುದು, ಪುಸ್ತಕ ಬಿದ್ದುಹೋಗಿದ್ದರೂ ಆ ಲಕೋಟೆ ಬಿಚ್ಚಿದ ಬೆಳಗಿನ ಬೆಲೆ ಕಡಿಮೆಯಾಗುತ್ತಿರಲಿಲ್ಲ. ಕೊಟ್ಟವರು ಕಾದಂಬರಿ ಓದಿ ಕೊಟ್ಟದ್ದಲ್ಲ. ಕಾದಂಬರಿ ಆಗ ಇರಲೇ ಇಲ್ಲ.

ತೆಗೆದುಕೊಳ್ಳುವುದೂ ಒಂದು ವಿದ್ಯೆ. ಡಿ.ವಿ.ಜಿ.ಯವರಿಗೆ ಅದು ಚೆನ್ನಾಗಿ ಗೊತ್ತಿತ್ತು. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರನ್ನು ಸನ್ಮಾನಿಸಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಅವರ ಕೈ ಸದಾ ತುಂಬಿದ್ದ ಕೈಯೂ ಅಲ್ಲ. ಬೇಡವೆಂದು ಕೊಟ್ಟವರ ಮನಸ್ಸು ಮುರಿಯಲಿಲ್ಲ. ತೆಗೆದುಕೊಂಡರು, ತಾವೇ ಕಟ್ಟಿ ಬೆಳೆಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಅಷ್ಟನ್ನೂ ದಾಟಿಸಿಬಿಟ್ಟರು.

ನಮ್ಮಂಥವರು ತೆಗೆದುಕೊಳ್ಳುವಾಗ ಎಡವಟ್ಟು ಮಾಡುತ್ತೇವೆ. ಸ್ನೇಹಿತರು ಏನಾದರೂ ಕೈಗಿಟ್ಟರೆ, "ಅಯ್ಯೋ, ಇದೆಲ್ಲ ಯಾಕೆ? ಸುಮ್ಮನೆ ಖರ್ಚು" ಎಂದು ರಾಗ ಎಳೆಯುತ್ತೇವೆ. ವಿನಯಕ್ಕೆ ಆಡುವ ಮಾತು ಅದು, ಗೊತ್ತು. ಆದರೆ ಎದುರಿಗಿರುವವರ ಮುಖ ಆ ಕ್ಷಣ ಹೇಗಾಗುತ್ತದೆ ನೋಡಿದ್ದೀರಾ? ಇನ್ನು ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಮರುದಿನವೇ ಅದರ ತೂಕದ ಇನ್ನೊಂದನ್ನು ಕೊಂಡುಹೋಗಿ ಕೊಟ್ಟು ಋಣ ತೀರಿಸಿಕೊಳ್ಳುತ್ತಾರೆ. ಡಬ್ಬಿಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿಕೊಡುವುದು ಬೇರೆ. ಅದು ಬಾಂಧವ್ಯಕ್ಕೆ ಹಾಕುವ ಹೆಪ್ಪು. ಅಂಗಡಿಗೆ ಹೋಗಿ ಬೆಲೆ ವಿಚಾರಿಸಿ ಸರಿದೂಗಿಸುವುದು ಬೇರೆ. ಅದು ಗೆಳೆಯನ ಮುಖಕ್ಕೆ ರಸೀದಿ ಹಿಡಿದಂತೆ.

ಕೇಳುಗ ಮಿತ್ರರೇ, ಹಾಗಾಗಿ ನಿಮ್ಮಲ್ಲಿ ಎರಡು ವಿನಂತಿ. ಕಾರಣವಿಲ್ಲದೆ ಯಾರಾದರೂ ಏನಾದರೂ ಕೊಟ್ಟರೆ ಬೆಲೆ ಕೇಳಬೇಡಿ, 'ಯಾಕೆ' ಎನ್ನಬೇಡಿ. ಅವರ ಎದುರಿಗೇ ಬಿಚ್ಚಿ ನೋಡಿ, ತಿನ್ನುವಂಥದ್ದಾದರೆ ಅಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಳ್ಳಿ. ಎರಡನೆಯದು, ನಿಮಗೆ ಯಾರಾದರೂ ನೆನಪಾದರೆ ಅವರ ಹುಟ್ಟುಹಬ್ಬದವರೆಗೆ ಕಾಯಬೇಡಿ. ದೊಡ್ಡದೇ ಆಗಬೇಕೆಂದಿಲ್ಲ, ಒಂದು ಪುಸ್ತಕ, ಒಂದು ಡಬ್ಬಿ ಚಟ್ನಿಪುಡಿ, ಹಳೆಯ ಆಲ್ಬಮ್ಮಿನಿಂದ ತೆಗೆದ ಒಂದು ಫೋಟೋ ಸಾಕು. ವಿಳಾಸವನ್ನು ಅವರನ್ನೇ ಕೇಳಿದರೆ ಗುಟ್ಟು ರಟ್ಟಾಗುತ್ತದೆ, ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಕೊರಿಯರ್ ಅಂಗಡಿಯಲ್ಲಿ ಒಳಗೇನಿದೆ, ಬೆಲೆಯೆಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅವರಿಗೆ ಬೇಕಾದಷ್ಟು ಹೇಳಿ. ನಿಮ್ಮ ಗೆಳೆಯರಿಗೆ ಮಾತ್ರ, ಪಾರ್ಸೆಲ್ ಕೈ ಸೇರುವವರೆಗೆ, ಏನೂ ಹೇಳಬೇಡಿ.